ಸೂಟ್‌ಕೇಸಿಗೆ ಸೇರಿದ ಒಳಲೆ

ನಾನು ಬೆಳ್ಳಿಯ ಒಂದು ಒಳಲೆ. ಹಸುಗೂಸಿಗೆ ಹಾಲು ಕುಡಿಸಲು ಬಳಸುವ, ಒಂದು ಕಡೆ ಉದ್ದ ಮೂಗು ಚಾಚಿದ ಪುಟ್ಟ ಬಟ್ಟಲು. ಮೈಸೂರಿನ ಒಬ್ಬ ಅಕ್ಕಸಾಲಿ ತಗಡು ಬಡಿದು ನನ್ನನ್ನು ಮಾಡಿದ. ಮೂಗಿನ ಅಂಚನ್ನು ಅರದಿಂದ ಉಜ್ಜಿದ ಮೇಲೆ ಅದನ್ನು ತನ್ನ ತುಟಿಗೇ ಒತ್ತಿ ನೋಡಿದ. ಚುಚ್ಚಿತೆಂದು ಕಾಣುತ್ತದೆ, ಮತ್ತೆ ಉಜ್ಜಿದ.

ಮೊದಲು ನಾನು ಸೇರಿದ್ದು ಒಬ್ಬ ವಕೀಲರ ಮನೆಗೆ. ಅಲ್ಲಿನ ಮಕ್ಕಳು ನನ್ನಿಂದ ಕುಡಿದು ಬೆಳೆದರು, ಬೆಳೆದ ಮೇಲೆ ನಾನು ಬೀರುವಿಗೆ ಹೋದೆ. ವಕೀಲರ ಪತ್ನಿ ಒಂದು ದಿನ ಬೀರು ಖಾಲಿ ಮಾಡುವಾಗ, ಮಕ್ಕಳ ಹಳೆಯ ಬಟ್ಟೆಗಳ ಜೊತೆ ನನ್ನನ್ನೂ ಊರಿನ ಶಿಶುಗೃಹಕ್ಕೆ ಕೊಟ್ಟುಬಿಟ್ಟರು. ಬೆಳ್ಳಿಯಲ್ಲವೆ, ಕಚೇರಿಯ ಕಪಾಟಿನಲ್ಲಿ ಇಡೋಣ ಎಂದರು ಅಲ್ಲಿನ ಮೇಲ್ವಿಚಾರಕಿ. ಆಯಾ ನಿಂಗರಾಜಮ್ಮ ಒಪ್ಪಲಿಲ್ಲ.

"ಕಪಾಟು ಹಾಲು ಕುಡೀತದಾ ಮೇಡಂ? ನಮ್ ಮಕ್ಳು ಕುಡೀತವೆ. ಇತ್ಲಾಗ್ ಕೊಡಿ."

ಹಾಗೆ ನಾನು ಮತ್ತೆ ಕೆಲಸಕ್ಕೆ ಬಂದೆ.

ತುಂಗಾ ಬಂದಾಗ ಅವಳಿಗೆ ಕೆಲವೇ ದಿನಗಳ ಪ್ರಾಯ. ಮೇಲ್ದುಟಿ ಸೀಳಿತ್ತು, ಬಾಯೊಳಗೆ ಅಂಗುಳೂ ಸೀಳಿತ್ತು. ಅಂಥ ಮಗು ಬಾಟಲಿಯನ್ನು ಚೀಪಲಾರದು. ಚೀಪಲು ಹೋದರೆ ಹಾಲು ಮೂಗಿನಿಂದ ಹೊರಗೆ ಬರುತ್ತದೆ, ಕೆಮ್ಮು ಹತ್ತುತ್ತದೆ. ನಿಂಗರಾಜಮ್ಮ ಅವಳನ್ನು ತೊಡೆಯ ಮೇಲೆ ಅರ್ಧ ಕೂರಿಸಿ, ನನ್ನ ಮೂಗನ್ನು ಕೆನ್ನೆಯ ಒಳಮಗ್ಗುಲಿಗೆ ತಾಗಿಸಿ, ಸ್ವಲ್ಪ ಸುರಿದು ಕಾಯುತ್ತಿದ್ದರು. ಅವಳು ನುಂಗಿದ ಮೇಲೆ ಇನ್ನೂ ಸ್ವಲ್ಪ. ತುಟಿಯ ಶಸ್ತ್ರಚಿಕಿತ್ಸೆ ಬೇಗ ಆಯಿತು. ಅಂಗುಳಿನದಕ್ಕೆ ಇನ್ನಷ್ಟು ಬೆಳೆಯಬೇಕು ಎಂದರು ಡಾಕ್ಟರು. ಮೆತ್ತಗೆ ಕಲಸಿದ ಅನ್ನವನ್ನು ಅವಳು ಬೆರಳಿನಿಂದ ತಿನ್ನಲು ಕಲಿತಳು. ಹಾಲಿಗೆ ಮಾತ್ರ ನಾನೇ ಬೇಕು. ಚಮಚ ಕಂಡರೆ ಬಾಯಿ ಬಿಗಿಯುತ್ತಿದ್ದಳು. ಅವಳ ಲೆಕ್ಕದಲ್ಲಿ ಚಮಚವೆಂದರೆ ಔಷಧಿ.

ಅವಳನ್ನು ದತ್ತು ತೆಗೆದುಕೊಂಡವರು ಕಲಬುರಗಿ ಕಡೆಯ ಕಸ್ತೂರಿ ಮತ್ತು ಗುರುಪಾದ. ಇಬ್ಬರೂ ಜಾಂಬಿಯಾದ ರಾಜಧಾನಿ ಲುಸಾಕಾದಲ್ಲಿ ಶಾಲಾ ಶಿಕ್ಷಕರು. ಕಸ್ತೂರಿ ಗಣಿತ, ಗುರುಪಾದ ಜೀವಶಾಸ್ತ್ರ. ಕಸ್ತೂರಿ ಮೊದಲೇ ಬಂದು, ದಿನವೂ ಶಿಶುಗೃಹದಲ್ಲಿ ಕೂತು ಹಾಲು ಕುಡಿಸುವುದನ್ನು ಕಲಿತರು. ಅವರ ಬಾಯಲ್ಲಿ ನನ್ನ ಹೆಸರು 'ಬಟ್ಟಲು'. ತುಂಗಾ ಅವರ ಕೈಯಿಂದ ಕುಡಿಯುತ್ತಿದ್ದಳು ನಿಜ, ಆದರೆ ಕಣ್ಣು ನಿಂಗರಾಜಮ್ಮನ ಮೇಲಿರುತ್ತಿತ್ತು. ಅವರು ಬಾಗಿಲಾಚೆ ಹೋದರೆ ಬಾಯಿ ಮುಚ್ಚುತ್ತಿದ್ದಳು. ಕಸ್ತೂರಿ ಆಗ ಅವಸರದಲ್ಲಿ ನನ್ನನ್ನು ಇನ್ನಷ್ಟು ಬಾಗಿಸಿ ಹಾಲು ಚೆಲ್ಲುತ್ತಿದ್ದರು.

"ವಿಮಾನದಾಗ ಹಿಂಗೇ ಮಾಡಿದ್ರ ಏನ್ ಮಾಡ್ಲಿ ಅಮ್ಮಾರ?"

"ಹಸಿವಾದ್ರೆ ಕುಡೀತಳೆ ಕಣವ್ವ. ನೀನು ಮೊದ್ಲು ಅವಸರ ಮಾಡೋದ್ ಬುಡು."

ಗುರುಪಾದ ಬಂದದ್ದು ರಜೆ ಸಿಕ್ಕಿದ ಮೇಲೆ, ಕೊನೆಗೆ; ನನ್ನಿಂದ ಹಾಲು ಕುಡಿಸುವುದನ್ನು ಅವರು ನೋಡಿರಲಿಲ್ಲ. ಹೊರಡುವ ದಿನ ಕಸ್ತೂರಿ ಮಗುವಿಗೆ ಬಟ್ಟೆ ತೊಡಿಸುತ್ತಿದ್ದರು, ಗುರುಪಾದ ಸಾಮಾನು ಕಟ್ಟುತ್ತಿದ್ದರು. ನಿಂಗರಾಜಮ್ಮ ನನ್ನನ್ನು ತೊಳೆದು ಮೇಜಿನ ಮೇಲಿಟ್ಟು, ಅವಸರದಲ್ಲಿ ಹೇಳಿದರು:

"ಸಾರ್, ಒಳ್ಳೇನ ಕೈಚೀಲದಲ್ಲೇ ಇಟ್ಕಳಿ, ಮರೀಬ್ಯಾಡಿ."

ಅವರ ಮಾತಿನ ವೇಗದಲ್ಲಿ ಒಳಲೆ 'ಒಳ್ಳೆ' ಆಗುತ್ತದೆ. ಒಳಲೆ ಎಂಬ ಪದವನ್ನೇ ಕೇಳಿರದ ಗುರುಪಾದ, ಒಳ್ಳೊಳ್ಳೆಯ ಸಾಮಾನನ್ನು ಕೈಯಲ್ಲೇ ಇಟ್ಟುಕೊಳ್ಳಿ ಎಂದು ಅರ್ಥಮಾಡಿಕೊಂಡರು. ಹೆಂಡತಿಯ ಇಳಕಲ್ ಸೀರೆ, ಕ್ಯಾಮೆರಾ, ಶಿಶುಗೃಹದವರು ಕೊಟ್ಟ ಗಂಧದ ಆನೆ, ಎಲ್ಲವೂ ಕೈಚೀಲಕ್ಕೆ ಹೋದವು. ನನ್ನನ್ನು ತಿರುಗಿಸಿ ತಿರುಗಿಸಿ ನೋಡಿದರು. "ದೇವರ ದೀಪ ಇರಬೇಕು" ಎಂದು ತಮಗೆ ತಾವೇ ಹೇಳಿಕೊಂಡು, ಒಂದು ಕಾಲುಚೀಲದೊಳಗೆ ತುರುಕಿ ದೊಡ್ಡ ಸೂಟ್‌ಕೇಸಿನ ತಳಕ್ಕೆ ಹಾಕಿದರು.

ಬೆಂಗಳೂರಿನ ನಿಲ್ದಾಣದಲ್ಲಿ ಸೂಟ್‌ಕೇಸು ಬೆಲ್ಟಿನ ಮೇಲೆ ಜಾರಿದಾಗ ನನಗೆ ವಿಷಯ ತಿಳಿಯಿತು. ಮಗು ಮೇಲೆ, ನಾನು ಕೆಳಗೆ. ಆಡಿಸ್ ಅಬಾಬಾದಲ್ಲಿ ವಿಮಾನ ಬದಲಾದಾಗಲೂ ಸೂಟ್‌ಕೇಸು ಅವರ ಕೈಗೆ ಸಿಗುವುದಿಲ್ಲ, ಲುಸಾಕಾದಲ್ಲೇ ಸಿಗುವುದು. ಸಾಮಾನಿನ ಕೋಣೆಯಲ್ಲಿ ಕತ್ತಲೆ, ಚಳಿ. ಎಂಜಿನ್ನಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸದು. ಮೇಲೆ ಅವಳು ಅಳುತ್ತಿದ್ದಾಳೋ, ಬಾಟಲಿ ಹಿಡಿದು ಕೆಮ್ಮುತ್ತಿದ್ದಾಳೋ ತಿಳಿಯುವ ದಾರಿ ನನಗಿರಲಿಲ್ಲ. ನಿಂಗರಾಜಮ್ಮ ಇಲ್ಲ, ನಾನೂ ಇಲ್ಲ. ಅವಳಿಗೆ ಗೊತ್ತಿದ್ದ ಯಾವುದೂ ಅಲ್ಲಿ ಇರಲಿಲ್ಲ.

ಲುಸಾಕಾದ ಮನೆಯಲ್ಲಿ ಸೂಟ್‌ಕೇಸು ತೆರೆದಾಗ ನಾನು ಮೊದಲು ನೋಡಿದ್ದು ತುಂಗಾಳನ್ನು. ಗುರುಪಾದರ ಹೆಗಲ ಮೇಲೆ ನಿದ್ದೆ ಮಾಡುತ್ತಿದ್ದಳು, ಬಾಯಂಚಿನಲ್ಲಿ ಹಾಲು ಒಣಗಿತ್ತು. ಅಷ್ಟರಲ್ಲಿ ಕಸ್ತೂರಿಯ ಫೋನಿನಿಂದ ನಿಂಗರಾಜಮ್ಮನ ದನಿ ಬಂತು.

"ಕೂಸು ಹಾಲ್ ಕುಡೀತಾ? ಒಳ್ಳೇಲೇ ಕುಡಿಸಿದ್ರಾ?"

"ಎಲ್ಲಿ ಒಳ್ಳೆ ಅಮ್ಮಾರ! ನಮ್ಮ ಮಾಸ್ತರು ಅದನ್ನ ದೀಪ ಅಂತ ತಿಳಿದು ಸಾಮಾನಿಗಿ ಹಾಕ್ಯಾರ."

"ಅಯ್ಯೋ ನನ್ ಶಿವನೇ! ಮತ್ತೇನ್ ಮಾಡಿದ್ರಿ?"

"ಬಾಟ್ಲಿ ಕೊಟ್ರ ಮೂಗಿನಾಗ ಬಂತು. ಚಮಚಾ ಕಂಡು ಚೀರಿದಳು. ಇಡೀ ವಿಮಾನ ನಮ್ಮ ಕಡೀಗೇ ನೋಡ್ಲಿಕತ್ತಿತ್ತು. ನಂಗೂ ಅಳು ಬಂತ್ರಿ. ಆಮೇಲೆ ಇವ್ರು ಪೇಪರ್ ಕಪ್ ಇಸ್ಕೊಂಡು ಅಂಚು ಮಡಚಿ ಮೂಗು ಮಾಡಿದ್ರು. ನಾ ಕೂಸಿನ್ನ ಹಿಡಕೊಂಡು ಕೂತೆ, ಇವ್ರು ಕುಡಿಸಿದ್ರು."

"ಕುಡಿದ್ಲಾ?"

"ಇವ್ರ ಮಾರಿ ನೋಡಿಕೋತ ಕುಡಿದಾಳ. ಎರಡು ಕಪ್ ಮೆತ್ತಗಾಗಿ ಹರಿದ್ವು, ಮೂರನೇದು ಮಾಡಿ ಕೊಟ್ರು."

ಗುರುಪಾದ ಫೋನಿನ ಹತ್ತಿರ ಬಾಗಿದರು. "ದೀಪ ಅಲ್ಲ ಅಂತ ಅಲ್ಲೇ ತಿಳೀತು ಅಮ್ಮಾರ. ಅದರ ಆಕಾರ ತಲಿಯಾಗ ಇತ್ತು ನೋಡ್ರಿ, ಅದನ್ನೇ ಮಡಚಿದೆ."

ನಿಂಗರಾಜಮ್ಮ ನಕ್ಕರು. ನನಗೆ ಸ್ವಲ್ಪ ಸಂಕಟವಾಯಿತು, ಅದಕ್ಕಿಂತ ಹೆಚ್ಚು ನೆಮ್ಮದಿಯಾಯಿತು. ನಾನಿಲ್ಲದಿದ್ದರೆ ಆಗದು ಎಂದುಕೊಂಡಿದ್ದೆ. ಒಂದು ಕಾಗದದ ಲೋಟ ನನ್ನ ಕೆಲಸ ಮಾಡಿತ್ತು.

ಮುಂದಿನ ಕೆಲವು ತಿಂಗಳು ನಾನೇ ಕುಡಿಸಿದೆ. ಆಮೇಲೆ ಅಲ್ಲಿನ ಆಸ್ಪತ್ರೆಯಲ್ಲಿ ಅಂಗುಳು ಹೊಲಿದರು. ಗಾಯ ಮಾಗುವವರೆಗೆ ನನಗೆ ಕೆಲಸವಿತ್ತು, ಮಾಗಿದ ಮೇಲೆ ತುಂಗಾ ಲೋಟ ಹಿಡಿದಳು. ಈಗ ಅಡುಗೆಮನೆಯ ಕಿಟಕಿಯ ಬಳಿ ನನ್ನ ವಾಸ. ಹೊಟ್ಟೆಯೊಳಗೆ ಪಿನ್ನುಗಳು. ಮೈ ಕಪ್ಪಾಗಿದೆ. ದೂರಿಲ್ಲ. ಇಲ್ಲಿಂದ ಇಡೀ ಮನೆ ಕಾಣುತ್ತದೆ.

ಒಂದು ಮಾತು ಮಾತ್ರ ಉಳಿದಿತ್ತು. ಅಂಗುಳು ಸೀಳಿದ ಮಗುವಿಗೆ 'ಪ' ಬರುವುದಿಲ್ಲ; ಉಸಿರು ಮೂಗಿಗೆ ಜಾರಿ 'ಮ' ಆಗುತ್ತದೆ. ಹೊಲಿದ ಮೇಲೂ ಅಭ್ಯಾಸ ಬಿಡಲು ಸಮಯ ಬೇಕು. ಹೀಗಾಗಿ ತುಂಗಾಳಿಗೆ ಕಸ್ತೂರಿಯೂ ಅಮ್ಮ, ಗುರುಪಾದರೂ ಅಮ್ಮ.

"ಇಬ್ರೂ ಅವ್ವಂದಿರೇ ಆದ್ವಿ. ಇನ್ನ ರೊಟ್ಟಿನೂ ನೀವೇ ಬಡೀರಿ" ಎಂದು ಕಸ್ತೂರಿ ಚುಡಾಯಿಸುತ್ತಿದ್ದರು. ಗುರುಪಾದ ನಗುತ್ತಿದ್ದರು. ಆದರೆ ದಿನವೂ ಸಂಜೆ ಮಗಳ ಎದುರು ಕೂತು, ಕಾಗದದ ಚೂರುಗಳನ್ನು ಮೇಜಿನ ಮೇಲೆ ಹರಡಿ, 'ಪ, ಪ' ಎಂದು ಊದಿ ಹಾರಿಸುವ ಆಟ ಕಲಿಸುವುದನ್ನು ಬಿಡಲಿಲ್ಲ. ಚೂರು ಅಲ್ಲಾಡದ ಸಂಜೆಗಳೇ ಹೆಚ್ಚು.

ಮೊನ್ನೆ ಬೆಳಿಗ್ಗೆ ಗುರುಪಾದ ಪಾತ್ರೆ ತೊಳೆಯುತ್ತಿದ್ದರು. ತುಂಗಾ ಹಾಲಿನ ಲೋಟ ಖಾಲಿ ಮಾಡಿ, ಬಿಳಿ ಮೀಸೆ ಹೊತ್ತು ಅವರ ಹಿಂದೆ ಬಂದು ನಿಂತಳು.

"ಅಪ್ಪ" ಎಂದಳು.

ನಲ್ಲಿಯ ಕೆಳಗಿದ್ದ ಕೈ ನಿಂತಿತು. ಗುರುಪಾದ ತಿರುಗಲಿಲ್ಲ. ಕೇಳಿಸದವರಂತೆ ಅದೇ ತಟ್ಟೆಯನ್ನು ಮತ್ತೆ ತೊಳೆದರು, ಇನ್ನೊಮ್ಮೆ ಹೇಳಲಿ ಎಂದು.

ಅವಳು ಇನ್ನೊಮ್ಮೆ ಹೇಳಿದಳು, ಈ ಸಲ ಸಿಟ್ಟಿನಿಂದ.