ಎದೆಹಾಲಿನ ಪಾಲು

ನಾದಿನಿ ಶಮ್ನಾ ಹೆರಿಗೆಯಲ್ಲಿ ತೀರಿಕೊಂಡಾಗ ಜುಲೈಕಾಳ ಮಗಳು ಹನಾಗೆ ನಾಲ್ಕು ತಿಂಗಳು. ತೊಂಬತ್ತೆಂಟನೇ ಇಸವಿ. ಬಂಟ್ವಾಳದ ಆಸ್ಪತ್ರೆಯಿಂದ ಅವಳ ಮಯ್ಯತ್ತಿನ, ಆ ಶವದ ಜೊತೆಗೇ ಕೂಸೂ ವಾಮದಪದವಿನ ಮನೆಗೆ ಬಂತು. ಅತ್ತೆ ಖತೀಜಮ್ಮ ಅದನ್ನು ತಂದು ಸೊಸೆಯ ಮಡಿಲಲ್ಲಿಟ್ಟರು.

"ಇವನು ಇನ್ನು ನಿನ್ನ ಹಾಲಿನ ಮಗ, ಮೋಳೆ, ನನ್ನ ಮಗಳೇ."

ಮುನವ್ವರ್ ಎಂದು ಹೆಸರಿಟ್ಟರು. ಸಣಕಲು ಮಗು, ಆಗಾಗ ಭೇದಿ. ಮಗಳನ್ನು ಕಳೆದುಕೊಂಡ ಖತೀಜಮ್ಮನಿಗೆ ಎಲ್ಲದಕ್ಕೂ ಹೆದರಿಕೆ. ಹಾಲು ಕೊಡುವವಳು ಮೀನು ತಿಂದರೆ ಮಗುವಿಗೆ ನಂಜು, ಮೊಟ್ಟೆ ಉಷ್ಣ, ಬಸಳೆ ಶೀತ. ಜುಲೈಕಾಳ ಗಂಡ ಝುಬೈರ್ ಸೌದಿಯಲ್ಲಿದ್ದ. ಮನೆಗೆ ಬಂಗುಡೆಯೋ ಬೂತಾಯಿ ಮೀನೋ ತಪ್ಪದೆ ಬರುತ್ತಿತ್ತು. ಅವಳ ಬಟ್ಟಲಿಗೆ ಮಾತ್ರ ಗಂಜಿ, ಬೆಳ್ಳುಳ್ಳಿ, ಕರಿಮೆಣಸಿನ ಸಾರು.

ತಲೆ ಬಾಚಿದರೆ ಕೂದಲು ಮುಷ್ಟಿ ಮುಷ್ಟಿ ಬರತೊಡಗಿತು. ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ಹನಾಳ ತೂಕ ಏರುವುದೂ ನಿಂತಿತು. ಬಂಟ್ವಾಳದ ಡಾಕ್ಟರಮ್ಮ ಜುಲೈಕಾಳ ಕಣ್ಣಿನ ರೆಪ್ಪೆ ಎಳೆದು ನೋಡಿ ಬೈದರು.

"ಎರಡು ಮಕ್ಕಳಿಗೆ ಹಾಲು ಎಲ್ಲಿಂದ ಬರಬೇಕು ಹೇಳಿ? ನೀವು ತಿನ್ನದಿದ್ರೆ ನಿಮ್ಮ ಮೈಯೇ ಕರಗಿ ಹಾಲಾಗ್ತದೆ. ಅದು ಎಷ್ಟು ಸಮಯ? ಮೀನು, ಮೊಟ್ಟೆ, ಸೊಪ್ಪು ಎಲ್ಲ ತಿನ್ನಿ. ಮಗುವಿಗೆ ಏನೂ ಆಗುದಿಲ್ಲ."

ಮರುದಿನ ಜುಲೈಕಾ ಅಡುಗೆಮನೆಯ ಮೂಲೆಯಲ್ಲಿ ನಿಂತು ಒಂದು ಬೇಯಿಸಿದ ಮೊಟ್ಟೆ ತಿಂದಳು. ಸಂಜೆ ಮುನವ್ವರನಿಗೆ ಭೇದಿ ಶುರುವಾಯಿತು. ಅವನಿಗೆ ಅದು ಹೊಸದಲ್ಲ; ಆದರೆ ಮೊಟ್ಟೆಯ ಸಿಪ್ಪೆ ಖತೀಜಮ್ಮನ ಕಣ್ಣಿಗೆ ಬಿದ್ದಿತ್ತು. ಅವರು ಬೈಯಲಿಲ್ಲ. ಹೊಸ್ತಿಲಲ್ಲಿ ಕುಸಿದು ಕೂತು, "ಶಮ್ನಾಳದ್ದು ಅಂತ ಇರುದು ಇವನೊಬ್ಬನೇ" ಎಂದು ಅತ್ತರು.

ಆಮೇಲೆ ಜುಲೈಕಾ ಮೊಟ್ಟೆ ಮುಟ್ಟಲಿಲ್ಲ. ಡಾಕ್ಟರಮ್ಮ ಹೇಳಿದ್ದು ನಿಜವೆಂದು ಗೊತ್ತಿದ್ದೂ ಮುಟ್ಟಲಿಲ್ಲ. ಆ ಅಳುವನ್ನು ಇನ್ನೊಮ್ಮೆ ಕೇಳುವ ಧೈರ್ಯ ಅವಳಿಗಿರಲಿಲ್ಲ.

ಹಾಲು ಕಡಿಮೆಯಾಗುತ್ತ ಬಂತು. ಇಬ್ಬರೂ ಒಟ್ಟಿಗೆ ಅತ್ತರೆ ಅವಳ ಕೈ ಮುನವ್ವರನನ್ನೇ ಮೊದಲು ಎತ್ತಿಕೊಳ್ಳುತ್ತಿತ್ತು. ಅವನು ತಾಯಿಯಿಲ್ಲದವನು. ಹನಾಗೆ ರಾಗಿ ಮಣ್ಣಿ. ಮೊದಮೊದಲು ಅವಳು ಅದನ್ನು ಉಗಿದು, ತಾಯಿಯ ರವಿಕೆ ಎಳೆದು ಚೀರುತ್ತಿದ್ದಳು. ಬರಬರುತ್ತ ಎಳೆಯುವುದನ್ನೇ ಬಿಟ್ಟಳು. ವರ್ಷ ತುಂಬುತ್ತ ಬಂದರೂ ಗೋಡೆ ಹಿಡಿದು ನಿಲ್ಲಲಿಲ್ಲ.

ಮುನವ್ವರ್ ಕೂತು ಆಡುವಷ್ಟಾದಾಗ ಅವನ ತಂದೆ ಇಬ್ರಾಹಿಂ ಖಲೀಲ್ ಮೂಡುಬಿದಿರೆಯಿಂದ ಬಂದ. ಅವನಿಗೆ ಮರುಮದುವೆಯಾಗಿತ್ತು.

"ಇನ್ನು ಡಬ್ಬಿ ಹಾಲು ಸಾಕು ಅವನಿಗೆ. ಮಗ ನಮ್ಮಲ್ಲೇ ಬೆಳೆಯಲಿ, ಉಮ್ಮ" ಎಂದು ಅತ್ತೆಗೆ ಹೇಳಿದ.

ಖತೀಜಮ್ಮ ಬಾಗಿಲು ಹಿಡಿದು ನಿಂತರು. ಆಮೇಲೆ ಒಳಗೆ ಹೋಗಿ ಮಗುವಿನ ಬಟ್ಟೆ ಮಡಿಚಿ ತಂದು ಕೊಟ್ಟರು. ಜೀಪು ತಿರುವು ದಾಟಿದ ಮೇಲೂ ಮಗುವಿನ ಅಳು ಕೇಳುತ್ತಿತ್ತು.

ಮಧ್ಯಾಹ್ನ ಅವರು ತಾವೇ ಬಂಗುಡೆ ಸಾರು ಬಡಿಸಿದರು.

"ಇನ್ನು ತಿನ್ನು ಮೋಳೆ. ಇನ್ನು ಹೆದರುದು ಯಾರಿಗಾಗಿ?"

ಜುಲೈಕಾ ತಿಂದಳು.

ಸಂಜೆಗೆ ಹಾಲು ಕಟ್ಟಿ ಎದೆ ಬಿಗಿದು ನೋಯತೊಡಗಿತು. ಹನಾಳನ್ನು ಎತ್ತಿ ಮಡಿಲಲ್ಲಿ ಮಲಗಿಸಿದಳು. ಬೆಕ್ಕಿನ ಮರಿಯಷ್ಟು ಹಗುರ.

"ಕುಡಿ ಮೋಳೆ. ಎಲ್ಲ ನಿನಗೇ."

ಹನಾ ತುಟಿ ಬಿಗಿದು ಮುಖ ತಿರುಗಿಸಿದಳು. ಮತ್ತೆ ಎದೆಗೆ ಹಚ್ಚಿದಾಗ ಹೆದರಿದವಳಂತೆ ಅತ್ತಳು. ಮೂರನೆಯ ಸಲಕ್ಕೆ ಖತೀಜಮ್ಮ ಬಂದು ಮಗುವನ್ನು ಎತ್ತಿಕೊಂಡು ಹೋದರು. ಜುಲೈಕಾ ಹಿತ್ತಿಲಿಗೆ ನಡೆದು, ತೆಂಗಿನ ಬುಡದಲ್ಲಿ ಕೂತು, ಹಾಲನ್ನು ಮಣ್ಣಿಗೆ ಹಿಂಡಿದಳು.