ಎರಡು ಕೈಯ ಉಪ್ಪು

ನನ್ನ ಹೆಂಡತಿ ತೀರಿಕೊಂಡ ಮೇಲೆ ಅವಳ ತಾಯಿ ಐದು ದಿನ ನೀರು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಎಂಬತ್ತೇಳು ವರ್ಷದ ಜೀವ. ಇನ್ನೊಂದು ದಿನ ಹೀಗೇ ಆದರೆ ಆಸ್ಪತ್ರೆಗೆ ಸೇರಿಸಲೇಬೇಕು ಎಂದು ವೈದ್ಯರು ಹೇಳಿ ಹೋಗಿದ್ದರು. ಆಸ್ಪತ್ರೆಯ ಹೆಸರೆತ್ತಿದರೆ ಅತ್ತೆ ನಡುಗುತ್ತಿದ್ದರು. ಮಗಳು ಅಲ್ಲಿಗೆ ನಡೆದುಕೊಂಡೇ ಹೋದವಳು, ಹೆಣವಾಗಿ ಬಂದಳು.

ಆರನೆಯ ದಿನ ನನ್ನ ನಾದಿನಿ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಒಂದು ಪೊಟ್ಟಣ ತಂದು ಬಿಸಿನೀರಿಗೆ ಸುರಿದು ಕಲಕಿದಳು. "ಅಮ್ಮಾ, ಟೊಮೆಟೊ ಸೂಪು. ಅಕ್ಕ ಮಾಡ್ತಿದ್ದಳಲ್ಲ, ಅದೇ. ಒಂದು ಗುಟುಕು ಕುಡಿ."

ಮಗಳ ಕೈಯ ಸೂಪೆಂದರೆ ಅತ್ತೆಗೆ ಪ್ರಾಣ. ಒಂದು ಚಮಚ ಬಾಯಿಗಿಟ್ಟುಕೊಂಡವರು ಟವೆಲಿಗೆ ಉಗಿದು, ಗೋಡೆಯ ಕಡೆ ತಿರುಗಿ ಮಲಗಿದರು.

ನನಗೆ ಮೈಯೆಲ್ಲ ಉರಿಯಿತು. "ಸತ್ತವಳ ಹೆಸರಲ್ಲಿ ಸುಳ್ಳು ಹೇಳ್ತೀಯಾ? ನಾಚಿಕೆ ಆಗಲ್ವಾ?"

"ನೀವು ಐದು ದಿನದಿಂದ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತಿದ್ದೀರಲ್ಲ ಭಾವ, ಅಮ್ಮನ ಹೊಟ್ಟೆಗೆ ಏನು ಹೋಯ್ತು? ನಾನು ಪೊಟ್ಟಣನಾದ್ರೂ ಒಡೆದೆ."

ಅವಳ ಮಾತಿಗೆ ಕೋಪ ಇಮ್ಮಡಿಯಾಯಿತು. ಚೀಲ ಹಿಡಿದು ಮೆಟ್ಟಿಲಿಳಿದೆ. ತರಕಾರಿಯವನು ಗಟ್ಟಿ ಹಣ್ಣು ತೂಗಹೋದ. "ಅವನ್ನ ನಿಮ್ಮನೆಗೇ ಒಯ್ಯಿ" ಎಂದು ಗದರಿ, ಒತ್ತಿದರೆ ಬಗ್ಗುವ ಕೆಂಪು ಹಣ್ಣುಗಳನ್ನೇ ಆರಿಸಿಕೊಂಡೆ.

ನನ್ನದು ನಲವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದ ಕೈ, ಅಡುಗೆಯದಲ್ಲ. ಹೆಂಡತಿ ಮಾಡುತ್ತಿದ್ದುದನ್ನು ನೆನೆಸಿಕೊಂಡೆ. ಹಣ್ಣುಗಳ ಬುಡವನ್ನು ಅಡ್ಡಡ್ಡ ಗೀರಿ ಕುದಿಯುವ ನೀರಿಗೆ ಬಿಟ್ಟೆ. ಸಿಪ್ಪೆ ಬಿರಿದಾಗ ತಣ್ಣೀರಿಗೆ ಹಾಕಿ ಸುಲಿದೆ. ಬೆಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ. ಹುಳಿ ಮುರಿಯಲು ಒಂದು ಕ್ಯಾರೆಟ್ಟು. ಬೆಂದದ್ದನ್ನು ಜರಡಿಗೆ ಸುರಿದರೆ ಬೀಜಗಳು ತೂತುಗಳಿಗೆ ಕಚ್ಚಿಕೊಂಡವು. ಸೌಟಿನ ಬೆನ್ನಿನಿಂದ ಉಜ್ಜುತ್ತ ದೇವರೊಡನೆ ಜಗಳಕ್ಕೆ ನಿಂತೆ. ನಿನಗೆ ಅವಳೇ ಬೇಕಾಗಿತ್ತೆ? ಒಳಗೆ ಮಲಗಿರುವ ಈ ಮುದುಕಿ ಕಾಣಲಿಲ್ಲವೆ? ನಾನು ಕಾಣಲಿಲ್ಲವೆ? ಹಾಗೆ ಕೇಳಿದ್ದಕ್ಕೆ ಹೆದರಿಕೆಯಾಯಿತು. ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನಮ್ಮ ಮನೆಯಲ್ಲಿ ಪ್ರಾರ್ಥನೆಗೆ ಮುಂಚೆ ಅಡುಗೆಯ ರುಚಿ ನೋಡುವಂತಿಲ್ಲ. ಅದು ಅತ್ತೆಯೇ ಹಾಕಿದ ಕಟ್ಟು. ನನ್ನ ಹೆಂಡತಿಗೆ ಉಪ್ಪಿನ ಅಳತೆ ಬೆರಳಲ್ಲೇ ಇತ್ತು. ನಾನು ಅಂದಾಜಿನಲ್ಲಿ ಹಾಕಿ ಬಟ್ಟಲು ತರಲು ಹೋದೆ. ಅಷ್ಟರಲ್ಲಿ ನಾದಿನಿ, ಭಾವನಿಗೆ ಉಪ್ಪಿನ ನೆನಪೆಲ್ಲಿ ಎಂದುಕೊಂಡು, ತಾನೂ ಹಾಕಿದಳು. ಮಾತು ಬಿಟ್ಟಿದ್ದೆವಲ್ಲ, ಒಬ್ಬರನ್ನೊಬ್ಬರು ಕೇಳಲಿಲ್ಲ.

ಪ್ರಾರ್ಥನೆ ಮುಗಿಸಿ ಅತ್ತೆಯನ್ನು ಎಬ್ಬಿಸಿ ಕೂರಿಸಿದೆ. "ಇದು ಪೊಟ್ಟಣದ್ದಲ್ಲ ಅತ್ತೆ, ನಾನೇ ಮಾಡಿದ್ದು."

ಘಮಕ್ಕೆ ಅವರ ಮೂಗು ಅರಳಿತು. ಒಂದು ಚಮಚ ಒಳಗೆ ಹೋಯಿತು. ಮುಖ ಕಿವುಚಿಕೊಂಡಿತು.

"ಅಯ್ಯೋ, ನಿನ್ನ ಕೈ ಸೇದಿಹೋಗ! ಸಮುದ್ರಾನೇ ತಂದು ಸುರಿದಿದ್ದೀಯಲ್ಲೋ!" ಮೂವತ್ತೆಂಟು ವರ್ಷ ನನಗೆ ಬಹುವಚನ ತಪ್ಪಿಸದಿದ್ದವರು ಅವರು. "ಉಪ್ಪು ಹಾಕಿದ್ದು ಯಾರು?"

"ನಾನು" ಎಂದೆ.

"ನಾನೂ ಹಾಕಿದೆ" ಎಂದಳು ನಾದಿನಿ.

"ಇಬ್ರೂ ಸೇರಿ ನನ್ನನ್ನೇ ಉಪ್ಪಿನಕಾಯಿ ಹಾಕ್ತೀರಾ? ನನ್ನ ಮಗಳು ಇಂಥಾದ್ದು ಮಾಡ್ತಿದ್ದಳಾ? ಅವಳ ಹೆಸರು ಕೆಡಿಸೋಕೆ ನಿಂತಿದ್ದೀರಾ? ಹಿಡ್ಕೊಳ್ರೋ ನನ್ನ, ಅಡುಗೆಮನೆಗೆ ನಡೀರಿ!"

ಇಬ್ಬರೂ ಹಿಡಿದು ನಡೆಸಿ, ಒಲೆಯ ಪಕ್ಕ ಕುರ್ಚಿ ಹಾಕಿದೆವು. ಉಳಿದಿದ್ದ ಹಣ್ಣುಗಳನ್ನೆಲ್ಲ ಬೇಯಿಸಿ ಸೋಸಿ, ಉಪ್ಪಿಲ್ಲದೆ ಆ ಪಾತ್ರೆಗೇ ಬೆರೆಸಿದೆವು. ಅಷ್ಟು ಹೊತ್ತೂ ಬೈಗುಳ ನಿಲ್ಲಲಿಲ್ಲ. ಸಿಪ್ಪೆ ದಪ್ಪ ಸುಲಿದೆ ಎಂದು ನನಗೆ. ಉರಿ ಜಾಸ್ತಿಯಾಯಿತೆಂದು ನಾದಿನಿಗೆ. ಕೊನೆಗೆ ಸೌಟು ಕಿತ್ತುಕೊಂಡು ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು ನೆಕ್ಕಿದರು.

ನಾದಿನಿ ಬೆಚ್ಚಿದಳು. "ಅಮ್ಮಾ, ಇದಕ್ಕಿನ್ನೂ ಪ್ರಾರ್ಥನೆ ಆಗಿಲ್ಲ..."

"ಕಾಯ್ಲಿ ಅವನು. ನನ್ನ ಕೂಸನ್ನ ಕರ್ಕೊಂಡು ಹೋಗುವಾಗ ನನ್ನನ್ನ ಕೇಳಿದ್ನಾ?"

ನಾನು ಮನಸ್ಸಿನಲ್ಲಿ ಮಾತ್ರ ಆಡಿದ್ದನ್ನು ಅವರು ಬಾಯಿಬಿಟ್ಟು ಆಡಿದ್ದರು. ನಾನು ಬಟ್ಟಲನ್ನು ಅವರ ಮುಂದಿಟ್ಟೆ.

ಬಟ್ಟಲು ತುಂಬಿಸಿಕೊಂಡು, ನಮ್ಮಿಬ್ಬರನ್ನೂ ಕೆಕ್ಕರಿಸಿ ನೋಡುತ್ತ ಗುಟುಕು ಗುಟುಕಾಗಿ ಪೂರ್ತಿ ಕುಡಿದರು. ಬರಿದಾದ ಬಟ್ಟಲನ್ನು ನನ್ನ ಮುಂದೆ ಕುಕ್ಕಿದರು.

"ಏನು ನೋಡ್ತಾ ನಿಂತಿದ್ದೀರಿ? ಇನ್ನರ್ಧ ಬಟ್ಟಲು ಹಾಕಿ. ಕಾಳುಮೆಣಸು ಏನೇನೂ ಸಾಲದು."

ನಾನು ಮೆಣಸು ಕುಟ್ಟಿದೆ. ಬೇಕಾದ್ದಕ್ಕಿಂತ ಜೋರಾಗಿಯೇ ಕುಟ್ಟಿದೆ.