ಎಮ್ಮೆಯ ವ್ಯಾಕರಣ

ಶಿವಮೊಗ್ಗದ ರವೀಂದ್ರನಗರದಲ್ಲಿ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಸ್ಫೂರ್ತಿ, ಎರಡು ಎಮ್ಮೆಗಳ ಕಾಮಿಕ್ಸ್ ಬರೆದು ಇಂಟರ್‌ನೆಟ್ಟಿನಲ್ಲಿ ಹಾಕಲು ಹೊರಟದ್ದು ೨೦೦೬ರಲ್ಲಿ. ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ ಕನ್ನಡ ಬರೆದರೆ ಬರೀ ಚೌಕಗಳು ಮೂಡುತ್ತಿದ್ದವು. ಹಾಗಾಗಿ ಮಾತುಗಳನ್ನು ಕೈಯಲ್ಲೇ ಬರೆದು, ಚಿತ್ರದ ಸಮೇತ ಸ್ಕ್ಯಾನ್ ಮಾಡಿಸಬೇಕಿತ್ತು. ಅವಳ ಅಕ್ಷರವೋ, ಅವಳಿಗೇ ಓದಲು ಬಾರದು.

"ಒಬ್ರಾದ್ರೂ ನಕ್ರೆ ಮುಂದುವರಿಸ್ತೀನಿ ಅಜ್ಜಿ. ಇಲ್ದಿದ್ರೆ ಇದೇ ಕೊನೆ," ಎಂದಿದ್ದಳು.

ನಮ್ಮ ಯಜಮಾನರು ಚಂದ್ರಶೇಖರಪ್ಪನವರು ನಿವೃತ್ತ ಕನ್ನಡ ಮೇಷ್ಟ್ರು, ಅಕ್ಷರ ದುಂಡಗೆ, ಕನ್ನಡಕಕ್ಕೊಂದು ದಾರ. ಚಿತ್ರದ ಹಾಳೆಯನ್ನೂ ಎಮ್ಮೆಗಳ ಮಾತನ್ನೂ ಅವರಿಗೆ ಒಪ್ಪಿಸಿ ಅವಳು ಕಾಲೇಜಿಗೆ ಹೋದಳು. ಅವಳು ಹೇಳಿದ್ದು, "ಎಲ್ಲಿಗೆ ಹೊರಟ್ಯೇ ಮಾರಾಯ್ತಿ? ಕೆರೇಲಿ ನೀರೇ ಇಲ್ಲ." ಸಂಜೆ ಬಂದು ನೋಡಿದರೆ, ಮೊದಲನೆಯ ಎಮ್ಮೆ ನುಡಿಯುತ್ತಿತ್ತು: "ಎಲ್ಲಿಗೆ ತೆರಳುತ್ತಿರುವೆ ಗೆಳತಿ? ಕೆರೆಯಲ್ಲಿ ಜಲವಿಲ್ಲ."

"ಮೇಷ್ಟ್ರೇ, ಇದು ಎಮ್ಮೆ."

"ಎಮ್ಮೆಯಾದ್ರೇನಮ್ಮ? ಓದೋರು ಮನುಷ್ಯರು. ತಪ್ಪು ಹೋಗಬಾರ್ದು."

ಬೇರೆ ಹಾಳೆಯಲ್ಲಿ ಬರೆಸಬಹುದಿತ್ತು. ಆದರೆ ಇವರು ಬಗ್ಗಿ ಬಗ್ಗಿ ಬರೆದು, ಕುತ್ತಿಗೆ ಒತ್ತಿಕೊಳ್ಳುತ್ತ ಕೂತಿದ್ದರು. ಅವಳು ಅದನ್ನು ನೋಡಿದಳು. "ತುಂಬಾ ಚೆನ್ನಾಗಿದೆ," ಎಂದು ಪೆನ್ನು ತೆಗೆದುಕೊಂಡು, ಮಾತಾಡುವ ಎಮ್ಮೆಗೆ ದಾರ ಕಟ್ಟಿದ ಕನ್ನಡಕವೊಂದನ್ನು ಬರೆದುಬಿಟ್ಟಳು.

ಕಾಮಿಕ್ಸ್ ಇಂಟರ್‌ನೆಟ್ಟಿಗೆ ಹೋಯಿತು. ಬಹಳ ದಿನ ಅದರ ಕೆಳಗೆ ಯಾರೂ ಏನೂ ಬರೆಯಲಿಲ್ಲ. ಕೆಫೆಯಿಂದ ಬಂದವಳು ಸುಮ್ಮನೆ ಮೆಟ್ಟಿಲು ಹತ್ತಿ ಹೋಗುತ್ತಿದ್ದಳು. ನಾನು ಕರೆದು ಮಂಡಕ್ಕಿ ಕೊಟ್ಟರೂ ಎಮ್ಮೆಯ ಸುದ್ದಿ ಎತ್ತುತ್ತಿರಲಿಲ್ಲ.

ಒಂದು ಸಂಜೆ ನೇರ ಅಡುಗೆಮನೆಗೇ ಓಡಿಬಂದಳು. ಭದ್ರಾವತಿಯ ಜ್ಞಾನೇಶ್ ಅಂತ ಯಾರೋ ಬರೆದಿದ್ದರಂತೆ. ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: "'ಕನ್ನಡಕದ ಎಮ್ಮೆ ಕನ್ನಡದಲ್ಲಿ ಎಂ.ಎ. ಮಾಡಿದ್ಯಾ? ನಮ್ಮ ಕ್ವಾರ್ಟರ್ಸಲ್ಲಿ ಎಲ್ರೂ ನಕ್ಕು ಸಾಕಾದ್ರು. ಮುಂದಿಂದು ಯಾವಾಗ?' ಮೇಷ್ಟ್ರಿಗೆ ಹೇಳ್ಬೇಡಿ ಅಜ್ಜಿ, ಬೇಜಾರು ಮಾಡ್ಕೋತಾರೆ."

"ಎಂ.ಎ. ಎಲ್ಲಿ ಬಂತು? ಬರೀ ಬಿ.ಎ.," ಎಂದಿತು ಹಿಂದಿನಿಂದ ಒಂದು ದನಿ.

ಸ್ಫೂರ್ತಿ ನಾಲಿಗೆ ಕಚ್ಚಿಕೊಂಡಳು. "ನಿಮಗೆ ಗೊತ್ತಿತ್ತಾ?"

"ಶಿವಮೊಗ್ಗದಲ್ಲಿ ಕನ್ನಡಕಕ್ಕೆ ದಾರ ಕಟ್ಟಿರೋ ಎಮ್ಮೆ ಇನ್ಯಾವುದಿದೆ ಮಾರಾಯ್ತಿ?" ಎಂದು ಇವರು ಕೆಮ್ಮು ಬರುವಷ್ಟು ನಕ್ಕರು. ನನಗೂ ತಡೆಯಲಾಗಲಿಲ್ಲ. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. "ಸರಿ, ಹೇಳು. ಇನ್ನೊಂದು ಎಮ್ಮೆ ಏನು ಉತ್ತರ ಕೊಡುತ್ತೆ?"

ಅವಳು ಸ್ವಲ್ಪ ಅಳುಕಿದಳು. "'ಏನಂದ್ಯೇ? ಒಂಚೂರು ಕನ್ನಡದಲ್ಲಿ ಹೇಳೇ.'"

ಇವರ ಪೆನ್ನು ಒಂದು ಗಳಿಗೆ ಗಾಳಿಯಲ್ಲಿ ನಿಂತಿತು. ನಂತರ ಹಾಳೆಗಿಳಿದು, ಅವಳು ಹೇಳಿದಂತೆಯೇ, ಒಂದು ದೀರ್ಘವನ್ನೂ ತಿದ್ದದೆ, ದುಂಡಗೆ ಬರೆಯಿತು.